ಅಂಟುಹಾಳೆಯ ಯುವಿ ದೀಪ: ಮಲೆನಾಡಿನ ಮನೆಯ ನೊಣಕ್ಕೆ ಸಾಕೇ?

ಕಾಫಿ ಕೊಯ್ಲಿನ ಚಳಿಗೆ ಚಿಕ್ಕಮಗಳೂರಿನ ಹಂಚಿನ ಮನೆಗಳಲ್ಲಿ ನೊಣ ಒಳಸೇರಿ, ಎಳೆಬಿಸಿಲು ಬೀಳುವ ಕಿಟಕಿ ಗಾಜಿಗೆ ಮುತ್ತುತ್ತದೆ. ಯುವಿ (ಅತಿನೇರಳೆ) ಬೆಳಕಿಗೆ ಬಂದ ನೊಣವನ್ನು ಅಂಟಿಸಿ ಹಿಡಿಯುವ ಅಂಟುಹಾಳೆಯ ದೀಪ ಇದಕ್ಕೆ ಒಳ್ಳೆಯದೇ, ಜಾಗ ಸರಿಯಿದ್ದರೆ. ಕಿಟಕಿ ಪಕ್ಕ ಹಾಕಿದರೆ ಬಿಸಿಲಿನ ಮುಂದೆ ದೀಪದ ಆಟ ನಡೆಯದು. ಸಂಜೆ ಹೊರಗಿನ ಹುಳಗಳನ್ನೂ ಕರೆದಂತಾಗುತ್ತದೆ. ಮಬ್ಬು ಮೂಲೆಯಲ್ಲಿ, ನೆಲದಿಂದ ಸುಮಾರು 5 ಅಡಿ ಎತ್ತರಕ್ಕೆ ಹಾಕಿ. 365 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಟ್ಯೂಬನ್ನೇ ಕೇಳಿ ತನ್ನಿ. ಬರೀ ನೀಲಿ ಬಲ್ಬು ಅಲಂಕಾರಕ್ಕಷ್ಟೇ. ವರ್ಷ ಕಳೆದ ಟ್ಯೂಬು ಉರಿಯುತ್ತಲೇ ಇರುತ್ತದೆ, ಯುವಿ ಮಾತ್ರ ಕುಗ್ಗಿರುತ್ತದೆ, ಬದಲಿಸಿ. ಹಾಳೆಯ ಮೇಲೆ ಕಾಫಿ ಒಣಗಿಸುವ ಕಣದ ಧೂಳು ಕೂತು ಬೆರಳಿಗೆ ಅಂಟದಿದ್ದರೆ ನೊಣಕ್ಕೂ ಅಂಟದು, ಹಾಳೆ ಬದಲಿಸಲು ತಿಂಗಳು ತುಂಬಲೆಂದು ಕಾಯಬೇಡಿ. ನೊಣವನ್ನು ಕರೆಂಟಿನಿಂದ ಚಟಪಟ ಸುಡುವ ಮಾದರಿ ಅಡುಗೆಮನೆಗೆ ಬೇಡವೇ ಬೇಡ: ನೊಣದ ಚೂರು ಸಿಡಿಯುತ್ತದೆ. ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಸಿಪ್ಪೆ ಹಿತ್ತಿಲಲ್ಲೇ ಕೊಳೆಯುತ್ತಿದ್ದರೆ ಯಾವ ದೀಪವೂ ಸಾಲದು.