ಹಾಡು ಕೇಳೋಕೆ ಐದು ಸ್ಪೀಕರ್ ಬೇಕಾ, ಎರಡು ಸಾಕಾ? ಮನೆಯ 5.1 ಸೆಟ್‌ನಲ್ಲಿ ಒಂದೊಂದೇ ಮೋಡ್ ಕೇಳಿ ನೋಡಿದ್ದು

ನಮ್ಮ ಮನೆಗೆ 5.1 ಸೆಟ್, ಅಂದರೆ ಐದು ಸ್ಪೀಕರ್ ಮತ್ತು ಮಂದ್ರ ಶಬ್ದಕ್ಕೆಂದೇ ಇರುವ ಒಂದು ಸಬ್‌ವೂಫರ್, ಬಂದಿದ್ದು ಸಿನಿಮಾಕ್ಕಾಗಿ. ಆದರೆ ದಿನಾ ಅದರಲ್ಲಿ ಓಡುವುದು ಸಂಗೀತ. ಬೆಳಿಗ್ಗೆ ಅಪ್ಪನಿಗೆ ಹಿಂದೂಸ್ತಾನಿ ಗಾಯನ, ಸಂಜೆ ನನಗೆ ವೀಣೆ, ರಜೆ ಬಂತೆಂದರೆ ತಮ್ಮನ ಸಿನಿಮಾ ಹಾಡು. ರಿಮೋಟಿನ ಒಂದು ಗುಂಡಿ ಒತ್ತಿದಷ್ಟೂ ಹೊಸ ಹೊಸ ಹೆಸರು ಬರುತ್ತದೆ. ಸ್ಟೀರಿಯೋ, ಪ್ಯೂರ್ ಡೈರೆಕ್ಟ್, ಆಲ್ ಚಾನೆಲ್ ಸ್ಟೀರಿಯೋ, ಪ್ರೊ ಲಾಜಿಕ್ 2 ಮ್ಯೂಸಿಕ್, ನಿಯೋ 6 ಮ್ಯೂಸಿಕ್. ಇವುಗಳಲ್ಲಿ ಸಂಗೀತಕ್ಕೆ ಯಾವುದು ಸರಿ ಅಂತ ಎರಡು ತಿಂಗಳು ಕೂತು ಕೇಳಿದೆ.

ನಮ್ಮ ಹಾಲ್ 14 ಅಡಿ ಉದ್ದ, 11 ಅಡಿ ಅಗಲ. ನೆಲ ಟೈಲ್ಸ್. ಮುಂದಿನ ಎರಡು ಸ್ಪೀಕರ್‌ಗಳಲ್ಲಿ ಕೆಳಗಿನ ಸ್ವರ ನುಡಿಸುವ 5 ಇಂಚಿನ ವೂಫರ್ ಇದೆ. ಟಿವಿಯ ನಡುವಿನ ಸೆಂಟರ್ ಸ್ಪೀಕರ್ ಮತ್ತು ಹಿಂದಿನವು ಇನ್ನೂ ಚಿಕ್ಕವು.

ಹೋಲಿಸುವ ಮೊದಲು ವಾಲ್ಯೂಮ್ ಸಮ ಮಾಡಲೇಬೇಕು. ಸ್ವಲ್ಪ ಜೋರಾಗಿ ಕೇಳಿದ್ದೇ ಕಿವಿಗೆ ಚೆನ್ನ ಅನ್ನಿಸಿಬಿಡುತ್ತದೆ. ಐದೂ ಸ್ಪೀಕರ್ ಓಡಿದಾಗ ಹೇಗೂ ಜೋರು, ಅಲ್ವಾ? ಅದಕ್ಕೇ ಪ್ರತಿ ಮೋಡ್‌ನಲ್ಲೂ ಫೋನಿನ ಸೌಂಡ್ ಮೀಟರ್ ಆ್ಯಪ್ ನೋಡಿ 70 ಡೆಸಿಬೆಲ್‌ಗೆ ತಂದೆ. ಫೋನಿನ ಲೆಕ್ಕ ಪಕ್ಕಾ ಇರುವುದಿಲ್ಲ. ಆದರೆ ಎಲ್ಲದಕ್ಕೂ ಅದೇ ಫೋನ್ ಇಟ್ಟರೆ ಹೋಲಿಕೆಗೆ ಸಾಕು. ತಮ್ಮ ಮೋಡ್ ಬದಲಾಯಿಸುತ್ತಿದ್ದ, ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ.

ನಾನು ಗಮನ ಇಟ್ಟಿದ್ದು ಮುಖ್ಯವಾಗಿ ತಂಬೂರಿಯ ಮೇಲೆ. ಗಂಡಸರ ಗಾಯನದಲ್ಲಿ ಷಡ್ಜ ಸುಮಾರು 139 ಹರ್ಟ್ಜ್‌ನಲ್ಲಿದೆ ಅಂದುಕೊಳ್ಳಿ. ಆಗ ತಂಬೂರಿಯ ಮಂದ್ರ ಷಡ್ಜದ ತಂತಿ 69ರ ಹತ್ತಿರ ನುಡಿಯುತ್ತದೆ. ಅದೇ ತಂತಿಯ ಜೇಂಕಾರ ಕೆಲವು ಸಾವಿರ ಹರ್ಟ್ಜ್‌ವರೆಗೂ ಹೋಗುತ್ತದೆ. ಅಂದರೆ ಒಂದೇ ತಂತಿಯ ನಾದ ಸಬ್‌ವೂಫರ್‌ನಲ್ಲೂ ಇರುತ್ತದೆ, ಸ್ಪೀಕರಿನಲ್ಲೂ ಇರುತ್ತದೆ. ಎರಡೂ ಬೆರೆತು ಒಂದೇ ವಾದ್ಯವಾಗಿ ಕೇಳಿದರೆ ಸೆಟ್ ಸರಿಯಾಗಿದೆ ಅಂತ ಅರ್ಥ.

ಮೊದಲು ಆಲ್ ಚಾನೆಲ್ ಸ್ಟೀರಿಯೋ. ಮುಂದೆ ಬರುವ ಶಬ್ದವೇ ಹಿಂದೆಯೂ ಬರುತ್ತದೆ. ಮೊದಲ ಎರಡು ನಿಮಿಷ ತುಂಬಿದಂತೆ ಕೇಳುತ್ತದೆ. ಆಮೇಲೆ ಗಾಯಕರು ಎಲ್ಲಿ ಕೂತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದ ದಿನ ಹಾಲಿನ ತುಂಬ ಜನ, ಒಳಗೆ ಅಡುಗೆಮನೆಯಲ್ಲೂ ಜನ. ಅವತ್ತು ಇದನ್ನೇ ಹಾಕಿದ್ದೆವು, ಎಲ್ಲರಿಗೂ ಸಮನಾಗಿ ಕೇಳಿತು. ಕೂತು ಕೇಳುವುದಕ್ಕೆ ಇದು ಬೇಡ. ಹಾಲ್, ಚರ್ಚ್ ಅಂತ ಹೆಸರಿರುವ ಮೋಡ್‌ಗಳಂತೂ ಬೇಡವೇ ಬೇಡ. ರೆಕಾರ್ಡಿಂಗ್‌ನಲ್ಲಿ ಆಗಲೇ ಒಂದು ಸಭಾಂಗಣದ ಪ್ರತಿಧ್ವನಿ ಇರುತ್ತದೆ. ಅದರ ಮೇಲೆ ಇವು ಇನ್ನೊಂದು ಸೇರಿಸುತ್ತವೆ. ವೀಣೆಯ ಗಮಕ ಕಲಸಿಹೋಗುತ್ತದೆ.

ಪ್ಯೂರ್ ಡೈರೆಕ್ಟ್ ಬಗ್ಗೆ ನನಗೆ ಬಹಳ ಆಸೆ ಇತ್ತು. ಟೋನ್, ರೂಮ್ ಕರೆಕ್ಷನ್ (ಕೋಣೆಗೆ ತಕ್ಕಂತೆ ಶಬ್ದ ತಿದ್ದುವುದು), ಡಿಸ್‌ಪ್ಲೇ ಎಲ್ಲ ಬಂದ್ ಮಾಡಿ ಹಾಡನ್ನು ನೇರವಾಗಿ ಕೊಡುವ ಮೋಡ್ ಅದು. ದನಿ ನಿಜವಾಗಿಯೂ ತಿಳಿಯಾಗಿ ಬಂತು. ಆದರೆ ಸ್ಪೀಕರ್‌ಗಳನ್ನೆಲ್ಲ ಓಡಿಸುವ ನಮ್ಮ ರಿಸೀವರ್‌ನಲ್ಲಿ ಸಬ್‌ವೂಫರ್ ಕೂಡ ಇದರಲ್ಲಿ ಬಂದ್. ತಂಬೂರಿಯ ಜೇಂಕಾರ ಉಳಿಯಿತು, ಬುಡ ಹೋಯಿತು. ಮೃದಂಗದ ಎಡಗಡೆ ಬರೀ ಚರ್ಮ ತಟ್ಟಿದ ಹಾಗೆ. ಆಳೆತ್ತರದ ಟವರ್ ಸ್ಪೀಕರ್ ಇದ್ದವರಿಗೆ ಇದೇ ಗೆಲ್ಲಬಹುದು. 5 ಇಂಚಿನ ವೂಫರ್‌ಗೆ ಅಲ್ಲ.

ಸ್ಟೀರಿಯೋ ಮತ್ತು ಸಬ್‌ವೂಫರ್, ಅಂದರೆ 2.1. ನಡುವಿನ ಸೀಟಿನಲ್ಲಿ ನನ್ನ ಮಟ್ಟಿಗೆ ಗೆದ್ದದ್ದು ಇದೇ. ಆದರೆ ಗೆಲುವು ಸುಮ್ನೆ ಸಿಗಲಿಲ್ಲ. ಮುಂದಿನ ಸ್ಪೀಕರ್‌ಗಳನ್ನು ಮೆನುವಿನಲ್ಲಿ 'ಸ್ಮಾಲ್' ಅಂತ ಮಾಡಿ, ಕ್ರಾಸ್‌ಓವರ್, ಅಂದರೆ ಎಷ್ಟು ಹರ್ಟ್ಜ್‌ಗಿಂತ ಕೆಳಗಿನ ಶಬ್ದ ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿ, ಎಲ್ಲಿ ಇಡಬೇಕು ಅಂತ ನೋಡುತ್ತಾ ಹೋದೆ. 60ರಲ್ಲಿ ಚಿಕ್ಕ ಸ್ಪೀಕರ್‌ಗೆ ತ್ರಾಸ. 150ರಲ್ಲಿ ಗಾಯಕರ ಕೆಳಗಿನ ಸ್ವರಗಳೇ ಸಬ್‌ವೂಫರ್ ಇದ್ದ ಮೂಲೆಗೆ ಓಡಿದವು. ಕೊನೆಗೆ ನಿಂತಿದ್ದು 80 ಹರ್ಟ್ಜ್‌ನಲ್ಲಿ. ಸಿನಿಮಾ ಶಬ್ದಕ್ಕೆ ಗುಣಮಟ್ಟದ ಪ್ರಮಾಣಪತ್ರ ಕೊಡುವ ಟಿಎಚ್‌ಎಕ್ಸ್‌ನವರು ಬಹಳ ಹಿಂದಿನಿಂದ ಹೇಳುವುದೂ ಅದೇ. ಅದಕ್ಕಿಂತ ಕೆಳಗಿನ ಶಬ್ದ ಯಾವ ದಿಕ್ಕಿನಿಂದ ಬಂತು ಅಂತ ಕಿವಿ ಸುಲಭವಾಗಿ ಗುರುತಿಸುವುದಿಲ್ಲ.

ಅಷ್ಟಾದರೂ ಒಂದು ಗುಂಯ್‌ಗುಡುವಿಕೆ ಹೋಗಲಿಲ್ಲ. ಶೋಕೇಸಿನ ಗಾಜೂ ನಡುಗುತ್ತಿತ್ತು. ಸಬ್‌ವೂಫರ್ ಮೂಲೆಯಲ್ಲಿತ್ತು, ನಮ್ಮ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ತಪ್ಪು ಎರಡರದ್ದೂ. 14 ಅಡಿ ಉದ್ದದ ಕೋಣೆ 40 ಹರ್ಟ್ಜ್ ಹತ್ತಿರ ತಾನೇ ಗುನುಗುತ್ತದೆ. 11 ಅಡಿ ಅಗಲಕ್ಕೆ ಅದು 51ರ ಹತ್ತಿರ. ಗೋಡೆಯ ಪಕ್ಕ ಆ ಗುನುಗು ಅತಿ ಜಾಸ್ತಿ, ಕೋಣೆಯ ನಟ್ಟನಡುವೆ ಅತಿ ಕಡಿಮೆ. ಸೋಫಾವನ್ನು ಎರಡೂವರೆ ಅಡಿ ಮುಂದೆ ತಂದೆ. ಸಬ್‌ವೂಫರ್‌ಗೆ ಜಾಗ ಹುಡುಕಲು ಒಂದು ಹಳೆಯ ಉಪಾಯ ಇದೆ. ಅದನ್ನು ಎತ್ತಿ ಸೋಫಾ ಮೇಲೆ, ನೀವು ಕೂರುವ ಜಾಗದಲ್ಲೇ ಇಡಿ. ಹಾಡು ಹಾಕಿ ಗೋಡೆಯ ಉದ್ದಕ್ಕೂ ಬಗ್ಗಿ ನಡೆಯಿರಿ. ಎಲ್ಲಿ ಮಂದ್ರ ಸಮನಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ನಮ್ಮ ಮನೆಯಲ್ಲಿ ಅದು ಟಿವಿ ಗೋಡೆಯ ಬಲಗಡೆ, ಮೂಲೆಯಿಂದ ಮೂರಡಿ ದೂರ. ಗಾಜಿನ ನಡುಕ ನಿಂತಿತು. ಸಬ್‌ವೂಫರ್ ಹಿಂದೆ ಅದರ ಅಲೆಯನ್ನು ಸ್ಪೀಕರ್‌ಗಳ ಅಲೆಗೆ ಹೊಂದಿಸುವ ಫೇಸ್ ಸ್ವಿಚ್ ಇರುತ್ತದೆ, ಅದನ್ನು 0, 180 ಎರಡರಲ್ಲೂ ಇಟ್ಟು ಕೇಳಿ. ಯಾವುದರಲ್ಲಿ ಮೃದಂಗದ 'ಗುಂ' ತುಂಬಿ ಬರುತ್ತದೋ ಅದು ಸರಿ.

ಮುಂದಿನ ಸ್ಪೀಕರ್‌ಗಳು ಟಿವಿ ಕಪಾಟಿನ ಒಳಗಿದ್ದವು. ಅವನ್ನು ಹೊರಗೆ ಸ್ಟ್ಯಾಂಡ್ ಮೇಲೆ ತಂದೆ. ಎರಡರ ನಡುವೆ ಎಷ್ಟು ದೂರವೋ ನನ್ನಿಂದ ಒಂದೊಂದಕ್ಕೂ ಅಷ್ಟೇ ದೂರ, ಮೇಲಿನ ಸ್ವರ ನುಡಿಸುವ ಟ್ವೀಟರ್ ಕಿವಿಯ ಎತ್ತರಕ್ಕೆ. ಟೈಲ್ಸ್ ಮೇಲೆ ಜಮಖಾನ ಹಾಸಿದೆ. ಅಪ್ಪ ಅವತ್ತೇ, "ಈಗ ಮಾತು ತಿಳಿಯುತ್ತೆ ಕಣೋ" ಅಂದರು. ಯಾವ ಮೋಡ್ ಬದಲಾಯಿಸಿದಾಗಲೂ ಅವರು ಹಾಗೆ ಹೇಳಿರಲಿಲ್ಲ.

ಇನ್ನು ಪ್ರೊ ಲಾಜಿಕ್ 2 ಮ್ಯೂಸಿಕ್. ಎರಡು ಚಾನೆಲ್ಲಿನ ಹಾಡನ್ನು ಐದಕ್ಕೆ ಹಂಚುವ ಮೋಡ್ ಇದು. ಎಡ ಬಲ ಎರಡರಲ್ಲೂ ಒಂದೇ ಥರ ಇರುವುದು ಸೆಂಟರ್‌ಗೆ ಹೋಗುತ್ತದೆ. ಎರಡರಲ್ಲೂ ಬೇರೆ ಬೇರೆ ಇರುವುದರಲ್ಲಿ ಒಂದಷ್ಟು ಹಿಂದಕ್ಕೆ ಹೋಗುತ್ತದೆ. ಸಭೆಯಲ್ಲಿ ಮುದ್ರಿಸಿದ ವೀಣೆ ಕಛೇರಿಗೆ ಇದು ತುಂಬ ಚೆನ್ನಾಗಿ ಹೊಂದಿತು. ಚಪ್ಪಾಳೆ ಸುತ್ತ ಹರಡಿತು, ವೀಣೆ ಮುಂದೆಯೇ ಉಳಿಯಿತು. ಗಾಯನದಲ್ಲಿ ಮಾತ್ರ ತೊಂದರೆ ಆಯಿತು. ದನಿ ಪೂರ್ತಿ ಚಿಕ್ಕ ಸೆಂಟರ್‌ಗೆ ಬಿದ್ದು ಡಬ್ಬದೊಳಗಿಂದ ಬಂದ ಹಾಗಾಯಿತು. ಇದಕ್ಕೆ ಮದ್ದು ಮೆನುವಿನಲ್ಲೇ ಇದೆ. ಸೆಂಟರ್ ವಿಡ್ತ್ ಅನ್ನುವ ಹೊಂದಿಕೆ 0ರಿಂದ 7ರವರೆಗೆ ಇರುತ್ತದೆ. 0 ಇಟ್ಟರೆ ದನಿಯೆಲ್ಲ ಸೆಂಟರ್‌ನಲ್ಲಿ, 7 ಇಟ್ಟರೆ ಎಲ್ಲ ಎಡ ಬಲಕ್ಕೆ. ನಾನು 5ರಲ್ಲಿ ನಿಲ್ಲಿಸಿದೆ. ಹೊಸ ರಿಸೀವರ್‌ಗಳಲ್ಲಿ ಇದರ ಬದಲು ಡಾಲ್ಬಿ ಸರೌಂಡ್ ಇರುತ್ತದೆ. ಅದರಲ್ಲಿ ಸೆಂಟರ್ ಸ್ಪ್ರೆಡ್ ಆನ್ ಮಾಡಿ ನೋಡಿ. ನಿಯೋ 6 ಮ್ಯೂಸಿಕ್‌ನಲ್ಲಿ ಪ್ರೊ ಲಾಜಿಕ್‌ಗಿಂತ ಅಂಥ ವ್ಯತ್ಯಾಸ ಕಾಣಲಿಲ್ಲ.

ಹಿಂದಿನ ಸ್ಪೀಕರ್‌ಗಳ ಜಾಗವನ್ನೂ ಸರಿ ಮಾಡಬೇಕಾಯಿತು. ನಮ್ಮವು ಹಿಂದಿನ ಗೋಡೆಯ ಮೇಲ್ಮೂಲೆಯಲ್ಲಿದ್ದವು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಹೇಳುವ ಜಾಗ ಹಾಗಲ್ಲ. ಎದುರಿನಿಂದ ಲೆಕ್ಕ ಹಾಕಿದರೆ 100ರಿಂದ 120 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ. ಹಾಗೆ ಇಟ್ಟ ಮೇಲೆ ಬೆನ್ನ ಹಿಂದೆ ಯಾರೋ ಪಿಸುಗುಟ್ಟಿದಂತೆ ಆಗುವುದು ನಿಂತಿತು. ದೂರದ ಅಳತೆಯನ್ನೂ ಮೆನುವಿನಲ್ಲಿ ಸರಿಯಾಗಿ ಕೊಡಿ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ, ಕಿವಿ ಮೊದಲು ತಲುಪಿದ ಕಡೆಗೇ ತಿರುಗುತ್ತದೆ. ಮೈಕ್ ಇಟ್ಟು ಆಟೋ ಸೆಟಪ್ ಮಾಡಿದಾಗ ಸಬ್‌ವೂಫರ್ ದೂರ ನಿಜಕ್ಕಿಂತ ಜಾಸ್ತಿ ತೋರಿಸಿದರೆ ತಿದ್ದಬೇಡಿ. ಸಬ್‌ವೂಫರ್ ಒಳಗಿನ ಸರ್ಕ್ಯೂಟಿನಲ್ಲಿ ಆಗುವ ತಡವೂ ಅದರಲ್ಲಿ ಸೇರಿರುತ್ತದೆ.

ಹಾಡು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಒಂದು ಸಂಜೆ ಹೋಲಿಸಿದೆ. ಒಂದೇ ಹಾಡು, ಪೆನ್‌ಡ್ರೈವ್‌ನಲ್ಲಿ ಫ್ಲ್ಯಾಕ್ (ಶಬ್ದದಲ್ಲಿ ಏನೂ ಕಳೆಯದೆ ಕುಗ್ಗಿಸಿದ ಫೈಲ್), ಫೋನಿನಿಂದ ಬ್ಲೂಟೂತ್. ಸಿನಿಮಾ ಹಾಡಿನಲ್ಲಿ ವ್ಯತ್ಯಾಸ ಹಿಡಿಯಲು ಆಗಲಿಲ್ಲ. ತಂಬೂರಿಯ ಜೇಂಕಾರದಲ್ಲಿ ಹಿಡಿದೆ, ಬ್ಲೂಟೂತ್‌ನಲ್ಲಿ ಅದು ಸ್ವಲ್ಪ ಮಂಕು.

ಐದು ಚಾನೆಲ್ಲಿಗೇ ಮಿಕ್ಸ್ ಮಾಡಿದ ಸಂಗೀತ ಬೇರೆಯೇ ಮಾತು. ಗೆಳೆಯನಿಂದ ತಂದ ಆರ್ಕೆಸ್ಟ್ರಾ ಬ್ಲೂ-ರೇ ಹಾಕಿದೆ. ಮೇಲಿನ ಯಾವ ಮೋಡೂ ಅದರ ಹತ್ತಿರ ಬರಲಿಲ್ಲ. ಸಭಾಂಗಣದ ಗಾಳಿಯೇ ಕೋಣೆಗೆ ಬಂದಂತಿತ್ತು. ನಾನು ಕೇಳುವ ಕರ್ನಾಟಕ ಸಂಗೀತ ಹಾಗೆ ಸಿಗುವುದು ಬಹಳ ಅಪರೂಪ. ಸಿಕ್ಕರೆ ಬಿಡಬೇಡಿ.

ಅಪ್ಪನ ಕುರ್ಚಿ ಹಾಲಿನ ಎಡ ಮೂಲೆಯಲ್ಲಿದೆ. ಅಲ್ಲಿ ಕೂತರೆ ಸ್ಟೀರಿಯೋದಲ್ಲಿ ಗಾಯಕರು ಎಡ ಸ್ಪೀಕರ್‌ಗೇ ಅಂಟಿಕೊಳ್ಳುತ್ತಾರೆ, ಅದು ಹತ್ತಿರ ಇರುವುದರಿಂದ. ಸೆಂಟರ್ ಓಡಿದರೆ ದನಿ ಟಿವಿಯ ನಡುವೆಯೇ ನಿಲ್ಲುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ 78 ಆರ್‌ಪಿಎಂ ತಟ್ಟೆಗಳ ಮುದ್ರಣ ಮೊದಲೇ ಮೋನೋ, ಎಡ ಬಲ ಎರಡೂ ಒಂದೇ. ಅದಕ್ಕಂತೂ ಒಂದು ಸೆಂಟರ್ ಸ್ಪೀಕರ್ ಸಾಕು. ಹಾಗಾಗಿ ಬೆಳಿಗ್ಗೆ ಅಪ್ಪನಿಗೆ ಪ್ರೊ ಲಾಜಿಕ್, ಸೆಂಟರ್ ವಿಡ್ತ್ 2. ಸಂಜೆ ನಾನು ಸೋಫಾದ ನಡುವೆ ಕೂತಾಗ ಸ್ಟೀರಿಯೋ, 80 ಹರ್ಟ್ಜ್, ಟಿವಿ ಆಫ್.