ಹಳೆಯ ಅಂಬಾಸಡರನ್ನು ವೇಗದ ಓಟಕ್ಕೆ ಇಳಿಸುವವರು ಮೊದಲು ಪ್ರೊಪೆಲ್ಲರ್ ಶಾಫ್ಟ್ ನೋಡಿಕೊಳ್ಳಿ

ಹೊಸೂರಿನಲ್ಲಿ ಹಳೆಯ ಕಾರುಗಳ ಹುಚ್ಚು ಹಿಡಿದವರು ನಾವು ಹತ್ತು ಹನ್ನೆರಡು ಮಂದಿ ಇದ್ದೇವೆ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲಿನ ಲೇತ್ ಅಂಗಡಿಗಳಲ್ಲಿ ಏನು ಕೇಳಿದರೂ ಮಾಡಿಕೊಡುವವರು ಸಿಗುತ್ತಾರೆಂಬ ಧೈರ್ಯ ನಮ್ಮೂರಿನವರಿಗೆ ಸ್ವಲ್ಪ ಹೆಚ್ಚೇ ಇದೆ. ಆ ಧೈರ್ಯದಿಂದಲೇ ನಾನು ತಂದೆಯವರ ಕಾಲದ ಅಂಬಾಸಡರನ್ನು, ಖಾಸಗಿ ವಿಮಾನಪಟ್ಟಿಯೊಂದರಲ್ಲಿ ಅನುಮತಿ ಪಡೆದು ಹವ್ಯಾಸಿಗಳು ನಡೆಸುವ ವೇಗದ ಓಟಕ್ಕೆ ಸಿದ್ಧಗೊಳಿಸಿದೆ. ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಕಾರು ಗಂಟೆಗೆ 120 ಕಿ.ಮೀ. ತಲುಪಿದಾಗ ಅದರ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನ ತಿರುಗುವಿಕೆಯನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಉದ್ದನೆಯ ಕೊಳವೆ, ಮುರಿದು ಬಿತ್ತು. ನನ್ನ ಎಡಗಾಲಿನ ಕಣಕಾಲಿನ ಮೂಳೆ ಬಿರಿಯಿತು. ಈಗ ಕೂಡಿಕೊಂಡಿದೆ.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ. ಇದ್ದ ಹಣವನ್ನೆಲ್ಲ 1489 ಸಿ.ಸಿ. ಎಂಜಿನ್ನಿಗೆ ಸುರಿದು, ಬೋರ್ ಮಾಡಿಸಿ, ವಾಲ್ವ್ ಕೂರಿಸಿ, ಬಳಿಕ ಗುಜರಿಯಿಂದ ತಂದ ಐದು ಗೇರಿನ ಗೇರ್‌ಬಾಕ್ಸ್ ಜೋಡಿಸಿದೆ. ಅದು ಮೂಲದ್ದಕ್ಕಿಂತ ಉದ್ದವಾಗಿದ್ದುದರಿಂದ ಶಾಫ್ಟನ್ನು ಸುಮಾರು 70 ಮಿ.ಮೀ. ಗಿಡ್ಡ ಮಾಡಿಸಬೇಕಾಯಿತು. "ಕಟ್ ಮಾಡಿ, ವೆಲ್ಡ್ ಹೊಡೆದು, ಬ್ಯಾಲೆನ್ಸ್ ಮಾಡಿ ಇಟ್ಟಿರ್ತೀನಿ ಸಾರ್, ಸಂಜೆ ಬನ್ನಿ" ಎಂದರು ಮೇಸ್ತ್ರಿ. ಸಂಜೆ ಹೋದಾಗ ಶಾಫ್ಟ್ ಕಪ್ಪು ಬಣ್ಣ ಬಳಿದುಕೊಂಡು ಹೊಚ್ಚ ಹೊಸದರಂತೆ ಮಿನುಗುತ್ತಿತ್ತು. ಎತ್ತಿಕೊಂಡರೆ ಬಣ್ಣ ಬೆರಳಿಗೆ ಅಂಟಿತು.

ಆಗ ನಾನು ನೋಡಬೇಕಾಗಿದ್ದದ್ದು ಬೇರೆ. ಯಂತ್ರದ ಮೇಲೆ ತಿರುಗಿಸಿ ಬ್ಯಾಲೆನ್ಸ್ ಮಾಡಿದ ಶಾಫ್ಟಿನ ತುದಿಗಳ ಬಳಿ, ತೂಕ ಸರಿದೂಗಿಸಲು ಉಗುರಿಗಿಂತ ಸ್ವಲ್ಪ ದೊಡ್ಡದಾದ ಕಬ್ಬಿಣದ ಬಿಲ್ಲೆಗಳನ್ನು ಸ್ಪಾಟ್ ವೆಲ್ಡ್ ಮಾಡಿ ಕೂರಿಸಿರುವುದು ಸಾಮಾನ್ಯವಾಗಿ ಕಾಣುತ್ತದೆ. ನನ್ನ ಶಾಫ್ಟಿನ ಮೇಲೆ ಹೊಸ ಬಿಲ್ಲೆ ಒಂದೂ ಇರಲಿಲ್ಲ. ಹಳೆಯ ಬಿಲ್ಲೆಯಿದ್ದ ತುಂಡೇ ಕತ್ತರಿಸಿ ಹೋಗಿತ್ತು.

ಎರಡನೆಯದು ಯೋಕ್‌ಗಳ, ಅಂದರೆ ಶಾಫ್ಟಿನ ತುದಿಯ ಕವಲು ಹಿಡಿಗಳ, ಸಾಲು. ಶಾಫ್ಟಿನ ಎರಡೂ ತುದಿಯ ಯೋಕ್‌ಗಳು ಒಂದೇ ಸಮತಲದಲ್ಲಿದ್ದರೆ, ಮುಂದಿನ ಕ್ರಾಸ್ (ಯೋಕ್‌ಗಳನ್ನು ಜೋಡಿಸುವ ಕೂಡುಗೀಲು) ಹುಟ್ಟಿಸುವ ವೇಗದ ಏರಿಳಿತವನ್ನು ಹಿಂದಿನ ಕ್ರಾಸ್ ಸರಿದೂಗಿಸುತ್ತದೆ. ಕಣ್ಣಳತೆಯಲ್ಲಿ ವೆಲ್ಡ್ ಮಾಡುವಾಗ ಸಾಲು ತಪ್ಪಿದರೆ ಅದು ಪೂರ್ತಿ ಸರಿಹೋಗದೆ, ಶಾಫ್ಟಿನ ಪ್ರತಿ ಸುತ್ತಿಗೂ ಎರಡೆರಡು ಬಾರಿ ನಡುಕ ಹುಟ್ಟುತ್ತದೆ. ಕತ್ತರಿಸುವ ಮೊದಲು ಉದ್ದಕ್ಕೂ ಒಂದು ನೇರ ಗೀರು ಹಾಕಿಕೊಂಡಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಅರ್ಧ ನಿಮಿಷದ ಕೆಲಸ.

ಕಾರನ್ನು ರಸ್ತೆಯಲ್ಲಿ ಓಡಿಸಿ ನೋಡಿದಾಗ, 80ರ ವೇಗದಲ್ಲಿ ಸೀಟಿನ ಕೆಳಗೆ ಜುಮ್ಮೆನ್ನುವಂತಹ ನಡುಕವಿತ್ತು. ಮೇಸ್ತ್ರಿ "ವೀಲ್ ಬ್ಯಾಲೆನ್ಸ್ ಮಾಡ್ಸಿ ಸಾರ್" ಎಂದರು, ನಾನು ಮಾಡಿಸಿದೆ, ನಡುಕ ಹಾಗೆಯೇ ಉಳಿಯಿತು. ಮುಂದಿನ ಚಕ್ರದ ದೋಷ ಹೆಚ್ಚಾಗಿ ಸ್ಟೀರಿಂಗ್‌ನಲ್ಲಿ ತಿಳಿಯುತ್ತದೆ, ಶಾಫ್ಟಿನದು ಸೀಟಿನಲ್ಲಿ ಮತ್ತು ಪಾದದಡಿಯಲ್ಲಿ. ಅದೇ ವೇಗದಲ್ಲಿ ಕ್ಲಚ್ ತುಳಿದು ಎಂಜಿನ್ನನ್ನು ಐಡಲ್‌ಗೆ ಇಳಿಸಿದರೂ ನಡುಕ ನಿಲ್ಲದಿದ್ದರೆ ಅದು ಎಂಜಿನ್ನಿನದಲ್ಲ. ನನ್ನದು ನಿಂತಿರಲಿಲ್ಲ. ಆದರೂ ಓಟದ ದಿನ ಹತ್ತಿರವಾಗಿತ್ತೆಂದು ಸುಮ್ಮನಾದೆ. ಇದಕ್ಕೆ ಮೇಸ್ತ್ರಿಯನ್ನು ದೂರುವಂತಿಲ್ಲ.

ಲೆಕ್ಕ ಹಾಕುವುದು ಕಷ್ಟವೇನಲ್ಲ. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿ ಅಳೆದರೆ ನನ್ನ ಕಾರಿನ ಚಕ್ರ 2.06 ಮೀಟರ್ ಸಾಗುತ್ತದೆ. ಹಿಂದಿನ ಆಕ್ಸಲ್‌ನಲ್ಲಿ ಶಾಫ್ಟ್ ತಿರುಗಿಸುವ ಚಿಕ್ಕ ಹಲ್ಲುಚಕ್ರ ಪಿನಿಯನ್‌ನಲ್ಲಿ 9 ಹಲ್ಲು, ಅದು ತಿರುಗಿಸುವ ದೊಡ್ಡ ಹಲ್ಲುಚಕ್ರ ಕ್ರೌನ್‌ನಲ್ಲಿ 41. ಅಂದರೆ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಶಾಫ್ಟ್ ನಾಲ್ಕೂವರೆ ಸುತ್ತಿಗಿಂತ ಹೆಚ್ಚು ತಿರುಗುತ್ತದೆ. 120ರ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 4,400 ಸುತ್ತು. ಐದನೆಯ ಗೇರ್ ಓವರ್‌ಡ್ರೈವ್ ಆಗಿರುವುದರಿಂದ ಎಂಜಿನ್ ಇದಕ್ಕಿಂತ ನಿಧಾನವಾಗಿ ತಿರುಗುತ್ತಿರುತ್ತದೆ; ಆರ್‌ಪಿಎಂ ಮೀಟರನ್ನಷ್ಟೇ ನೋಡಿಕೊಂಡು ಎಲ್ಲವೂ ಹದದಲ್ಲಿದೆ ಎಂದುಕೊಂಡಿದ್ದವನು ನಾನು. ಸಮತೋಲ ತಪ್ಪಿದ ಶಾಫ್ಟಿನ ಎಳೆತ ವೇಗದ ವರ್ಗದಂತೆ ಏರುತ್ತದೆಯಾದ್ದರಿಂದ, 80ರಲ್ಲಿ ಜುಮ್ಮೆನ್ನಿಸಿದ್ದು 120ರಲ್ಲಿ ಅದರ ಎರಡೂಕಾಲು ಪಟ್ಟಾಗಿರುತ್ತದೆ.

ಮುರಿದದ್ದು ಮುಂದಿನ ಕ್ರಾಸ್. ಹಿಂದಿನ ತುದಿ ಆಕ್ಸಲ್‌ಗೆ ಕಚ್ಚಿಕೊಂಡೇ ತಿರುಗುತ್ತಿದ್ದುದರಿಂದ, ಬಿಡಿಯಾದ ಮುಂತುದಿ ದೊಣ್ಣೆಯಂತೆ ತಳವನ್ನು ಬಡಿದು, ನನ್ನ ಎಡಗಾಲಿನ ಪಕ್ಕದ ತಗಡನ್ನು ಮೂರು ಬೆರಳಿನಷ್ಟು ಮೇಲಕ್ಕೆ ಉಬ್ಬಿಸಿತು. ಬ್ರೇಕ್ ಒತ್ತಿದೆ, ಪೆಡಲ್ ನೆಲಕ್ಕೆ ಇಳಿಯಿತು. ಶಾಫ್ಟ್ ಹಿಂದಿನ ಬ್ರೇಕ್ ಪೈಪನ್ನು ಹರಿದಿತ್ತು. ಹಳೆಯ ಅಂಬಾಸಡರಿನಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಸರ್ಕ್ಯೂಟ್, ಹಾಗಾಗಿ ಒಂದು ಕಡೆ ಎಣ್ಣೆ ಸೋರಿದರೆ ಎಲ್ಲ ಕಡೆಯ ಬ್ರೇಕೂ ಹೋದಂತೆಯೇ. ಹ್ಯಾಂಡ್‌ಬ್ರೇಕ್ ಕೇಬಲ್ಲೂ ತುಂಡಾಗಿತ್ತು. ಶಾಫ್ಟೇ ಇಲ್ಲದ ಮೇಲೆ ಗೇರ್ ಇಳಿಸಿ ಎಂಜಿನ್ನಿನಿಂದ ತಡೆಯುವುದಂತೂ ಸಾಧ್ಯವೇ ಇಲ್ಲ. ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ 1949ರಿಂದ ನಡೆದುಬಂದಿರುವ ಸ್ಪೀಡ್ ವೀಕ್‌ನಲ್ಲಿ ಓಡುವವರಿಗೆ ನಿಲ್ಲಲು ಮೈಲಿಗಟ್ಟಲೆ ಜಾಗವಿರುತ್ತದೆ. ನಮ್ಮ ಪಟ್ಟಿಯ ಕೊನೆಯಲ್ಲಿದ್ದದ್ದು ಕೊಯ್ಲಾದ ರಾಗಿ ಹೊಲ. ಕಾರು ಅದರೊಳಗೆ ನುಗ್ಗಿ ಕೂಳೆಯ ನಡುವೆ ನಿಂತಿತು. ಬೇಲಿಗೆ ಕಲ್ಲುಕಂಬ ನೆಟ್ಟಿರಲಿಲ್ಲ ಎಂಬುದೊಂದೇ ಪುಣ್ಯ.

ಮುಂದಿನ ತುದಿಯನ್ನು ಹಿಡಿದಿಡುವ ಒಂದು ಕಬ್ಬಿಣದ ಬಳೆ ಹಾಕಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ವೇಗದ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದೆ: ಸುಮಾರು 6 ಮಿ.ಮೀ. ದಪ್ಪ, 50 ಮಿ.ಮೀ. ಅಗಲದ ಉಕ್ಕಿನ ಪಟ್ಟಿ ಶಾಫ್ಟನ್ನು ಪೂರ್ತಿ ಸುತ್ತುವರಿದಿರಬೇಕು ಮತ್ತು ಮುಂದಿನ ಕ್ರಾಸಿನಿಂದ 150 ಮಿ.ಮೀ. ಒಳಗಿರಬೇಕು. ಇದನ್ನು ನಾನು ಮೊದಲೇ ಓದಿದ್ದೆ. ಅಂಬಾಸಡರಿಗೆ ಅದೇಕೆ ಎಂದು ನಕ್ಕು ಬಿಟ್ಟಿದ್ದೆ.

ಹಿರಿಯ ಲೇತ್ ಕೆಲಸಗಾರರೊಬ್ಬರು ಮುರಿದ ಶಾಫ್ಟನ್ನು ವೀ-ಬ್ಲಾಕ್ ಮೇಲಿಟ್ಟು ಡಯಲ್ ಗೇಜ್ ಹಿಡಿದಾಗ, ಸಾಮಾನ್ಯವಾಗಿ ಅರ್ಧ ಮಿ.ಮೀ. ಒಳಗಿರಬೇಕಾದ ಓಲಾಟ 1.6 ಮಿ.ಮೀ. ಇತ್ತು; ಯೋಕ್‌ಗಳು ಕಣ್ಣಿಗೇ ಕಾಣುವಷ್ಟು ಸಾಲು ತಪ್ಪಿದ್ದವು. ವಿಮೆಯನ್ನು ನಂಬಿ ಕೂರಬೇಡಿ. ಓಟಕ್ಕೂ ವೇಗ ಪರೀಕ್ಷೆಗೂ ಬಳಸಿದರೆ ಅನ್ವಯಿಸುವುದಿಲ್ಲವೆಂದು ನನ್ನ ಪಾಲಿಸಿಯಲ್ಲೇ ಅಚ್ಚಾಗಿದೆ. ಎಂಜಿನ್ ಅಥವಾ ಗೇರ್‌ಬಾಕ್ಸ್ ಬದಲಿಸುವವರು ಆರ್‌ಟಿಓ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮೇಸ್ತ್ರಿಯ ಬಳಿ ಹೋಗಿ ಕೇಳಿದಾಗ, "ರೋಡಿಗೆ ಸಾಕಾಗ್ತಿತ್ತು ಸಾರ್, ರೇಸ್ ಅಂತ ನೀವು ಹೇಳ್ಲೇ ಇಲ್ಲ" ಎಂದರು. ನಾನು ಹೇಳಿದ್ದೆ. ಮನೆಗೆ ಬಂದು ಬಿಲ್ ತೆಗೆದು ನೋಡಿದರೆ ಅದರಲ್ಲಿದ್ದದ್ದು ಒಂದೇ ಸಾಲು: ಶಾಫ್ಟ್ ವೆಲ್ಡಿಂಗ್ ಮತ್ತು ಪೇಂಟಿಂಗ್, 2,800 ರೂಪಾಯಿ. ಬ್ಯಾಲೆನ್ಸ್ ಎಂಬ ಮಾತೇ ಅದರಲ್ಲಿರಲಿಲ್ಲ.