ಜಯನಗರದ ಡೇ ಕೇರ್ ಚಿಕಿತ್ಸಾ ಕೇಂದ್ರದಲ್ಲಿ ಮೂಳೆಗೊಂದು ಡ್ರಿಪ್
ರುಮಟಾಯ್ಡ್ ಸಂಧಿವಾತಕ್ಕೆ ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿ ನನ್ನ ಮೂಳೆ ಸವೆದಿದೆ. ಮೂಳೆ ಸವೆತ ತಡೆಯಲು ವಾರಕ್ಕೊಂದು ಅಲೆಂಡ್ರೊನೇಟ್ 70 ಮಿ.ಗ್ರಾಂ. ಮಾತ್ರೆ ನುಂಗುತ್ತಿದ್ದೆ; ಲೋಟ ತುಂಬ ನೀರು ಕುಡಿದು ಅರ್ಧ ಗಂಟೆ ನೆಟ್ಟಗೆ ಕೂತರೂ ಎದೆಯುರಿ ತಪ್ಪಲಿಲ್ಲ. ಕೊನೆಗೆ ಡಾಕ್ಟರು ಅದೇ ಕೆಲಸಕ್ಕೆ ವರ್ಷಕ್ಕೊಮ್ಮೆ ಹಾಕುವ ಜೋಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂ. ಡ್ರಿಪ್ ಬರೆದರು.

ಇಲ್ಲಿನ ಸಿಸ್ಟರ್ ಮೊದಲು ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಕ್ಯಾಲ್ಸಿಯಂ, ವಿಟಮಿನ್ ಡಿ ರಿಪೋರ್ಟ್ ನೋಡಿದರು, ಈ ಔಷಧದ ಮೇಲೆ ಹಲ್ಲು ಕೀಳಿಸಿದರೆ ಅಪರೂಪಕ್ಕೆ ದವಡೆ ಮೂಳೆಗೆ ತೊಂದರೆ ಆಗಬಹುದೆಂದು, ಹಲ್ಲು ಕೀಳಿಸೋದಿದೆಯಾ ಅಂತಲೂ ಕೇಳಿದರು. ಊದಿದ ನನ್ನ ಬೆರಳುಗಳನ್ನು ದಿಂಬಿನ ಮೇಲಿಟ್ಟು, ಬೆಚ್ಚಗಿನ ಬಟ್ಟೆ ಸುತ್ತಿ, ಅವಸರವಿಲ್ಲದೆ ನರ ಹುಡುಕಿದರು. "ಅಮ್ಮಾ, ರಾತ್ರಿ ಜ್ವರ, ಮೈಕೈ ನೋವು ಬರಬಹುದು. ಸಂಧಿವಾತ ಕೆರಳಿತು ಅಂತ ಹೆದರಬೇಡಿ. ಮೂರು ದಿನ ದಾಟಿದ್ರೆ ಫೋನ್ ಮಾಡಿ" ಅಂದರು. ಹಾಗೇ ಆಯ್ತು, ಪ್ಯಾರಸಿಟಮಾಲ್‌ಗೆ ಎರಡನೇ ದಿನ ಇಳಿಯಿತು. ಈ ಒಂದು ಮಾತಿಗೇ ನಾನು ಮತ್ತೆ ಇಲ್ಲಿಗೇ ಬರ್ತೀನಿ. ಲಿಫ್ಟ್ ಮಾತ್ರ ಇಲ್ಲ, ಮಂಡಿ ನೋವಿನವರು ಜೊತೆಗೊಬ್ಬರನ್ನು ಕರ್ಕೊಂಡು ಬನ್ನಿ.